ಅರೆಗಣ್ಣು

ಗುತ್ತಲು ರಸ್ತೆಯ ಟೈಲರ್ ಅಂಗಡಿಗಳ ಬಾಗಿಲಲ್ಲಿ ನಿಂತು
ಮೂರು ಭಾನುವಾರ ಆಯ್ದು ತಂದ ಚಿಂದಿ:
ವೀಳ್ಯದೆಲೆ ಹಸಿರು, ಕುಂಕುಮಗೆಂಪು, ನವಿಲುಗತ್ತಿನ ನೀಲಿ,
ಯಾರದೋ ನಾಮಕರಣದ ರವಿಕೆಯಿಂದ ಉಳಿದ
ಮಾಗಿದ ಕಿತ್ತಳೆ.
ಇಸ್ತ್ರಿ ಮಾಡಿ, ಅಳೆದು, ಅಂಗೈಯಗಲ ಚೌಕ ಕತ್ತರಿಸಿ
ಬಿಸ್ಕತ್ತಿನ ಡಬ್ಬಿಯಲ್ಲಿ ಸಾಲಾಗಿ ಜೋಡಿಸಿ
ಒಯ್ದೆ ನಿಂಗಾಜಮ್ಮನ ಮನೆಗೆ.

ಬೊಂತೆ ಯಾರಿಗೆ, ಮೊಮ್ಮಗೀಗಾ, ಅಂದಳು.
ನನಗೇ, ಅಂದೆ.
ತಲೆಯಿಂದ ಕಾಲಿನವರೆಗೆ ಒಮ್ಮೆ ನೋಡಿ
ಕಣ್ಣಲ್ಲೇ ಅಳತೆ ತೆಗೆದುಕೊಂಡಳು.

ಇಪ್ಪತ್ತಾರು ವರ್ಷ ಡ್ರಾಯಿಂಗ್ ಮಿಸ್ಸು ನಾನು.
ಬಣ್ಣದ ಚಕ್ರವನ್ನು ಬೋರ್ಡಿನ ಮೇಲೆ
ಕಣ್ಣು ಮುಚ್ಚಿ ಬರೆಯಬಲ್ಲೆ.
ಕೆಂಪಿನ ಎದುರು ಹಸಿರು, ನೀಲಿಯ ಎದುರು ಕಿತ್ತಳೆ,
ವಿರುದ್ಧ ಬಣ್ಣಗಳು, ಮಕ್ಕಳೇ, ಒಂದನ್ನೊಂದು ಎತ್ತಿ ತೋರಿಸುತ್ತವೆ.
ಬೊಂತೆಗೆ ಇನ್ನೇನು ಬೇಕು?

ಅವಳು ಚೌಕಗಳನ್ನೆಲ್ಲ ಚಾಪೆಗೆ ಸುರಿದು
ಸೋರೆಬೀಜ ಹರವಿದ ಹಾಗೆ ಬೆರಳಾಡಿಸಿದಳು.
ಎಲೆಯಡಿಕೆ ಒಂದು ಕೆನ್ನೆಯಿಂದ ಇನ್ನೊಂದಕ್ಕೆ ಹೋಯಿತು.
"ಚೆಂದಾಗವೆ ಕನವ್ವ.
ಆದ್ರೆ ಎಲ್ಲಾ ಒಂದೇ ಪಂಕ್ತೀಲಿ ಕುಂತವೆ.
ಎದ್ದು ನಿಂತ್ಕಳೋರು ಒಬ್ರೂ ಇಲ್ವಲ್ಲ."

ನಾನು ಚಕ್ರದ ಮಾತೆತ್ತಿದೆ.
"ಬಣ್ಣ ನೋಡಬ್ಯಾಡ, ಬೆಳಕು ನೋಡು.
ಹಾಲು, ಕಬ್ಬಿನಾಲು, ಪಾಕ, ಬೆಲ್ಲ, ತಳ ಹತ್ತಿದ ಬೆಲ್ಲ.
ನೀ ತಂದಿರೋದು ಬರೀ ಪಾಕ.
ಎಲ್ಲಿ, ಒಸಿ ಕಣ್ ಮುಚ್ಚು. ಪೂರಾ ಅಲ್ಲ,
ಪಾಠ ಮಾಡೋವಾಗ ನಿದ್ದೆ ಬಂದ್ರೆ ಮುಚ್ತೀಯಲ್ಲ, ಹಂಗೆ."

ಮುಚ್ಚಿದೆ.
ರೆಪ್ಪೆಯ ಜಾಲರಿಯಾಚೆ ವೀಳ್ಯ ಬಾಡಿತು, ಕುಂಕುಮ ಅಳಿಸಿತು,
ನವಿಲು ಕತ್ತು ಒಳಗೆಳೆದುಕೊಂಡಿತು.
ಚಾಪೆಯ ತುಂಬ ಬೂದಿ, ಚೌಕ ಚೌಕ ಬೂದಿ.

ಡಬ್ಬಿಯ ತಳದಲ್ಲಿ ಬೇರೆ ಮಡಿಚಿಟ್ಟದ್ದೊಂದಿತ್ತು.
ಅವ್ವನ ಧಾರೆ ಸೀರೆಯ ತುಂಡು,
ಮರೂನು ಒಡಲು, ಕಡುಹಸಿರು ಅಂಚು.
ಇದಂತೂ ಕಾಂಟ್ರಾಸ್ಟ್ ಬಾರ್ಡರು, ಅಂದೆ,
ಬೀದಿಯ ಹೆಂಗಸರೆಲ್ಲ ಮುಟ್ಟಿ ಮುಟ್ಟಿ ನೋಡಿದ್ದು.
ಆಗಲೇ ಕರೆಂಟು ಹೋಯಿತು.

ಕಿಟಕಿಯಲ್ಲಿ ಆರೂವರೆಯ ಉಳಿಕೆ ಬೆಳಕು.
ಒಡಲು ಎಲ್ಲಿ ಮುಗಿದು ಅಂಚು ಎಲ್ಲಿ ಶುರುವಾಯಿತೆಂದು
ಹುಡುಕಿದೆ.
ಬೆರಳಿಗೆ ಜರಿಯ ಗೆರೆ ಸಿಕ್ಕಿತು, ಕಣ್ಣಿಗೆ ಇಲ್ಲ.

ಹೀಗೇ ಕರೆಂಟು ಹೋದಾಗ
ಅಡುಗೆಮನೆಯ ಜಗಳ ಕೇಳಿಸಿಕೊಂಡು
ಜಗಲಿಯಿಂದ ಅಪ್ಪ ಕೂಗುತ್ತಿದ್ದ:
ಈಗ ಮಾತಾಡಿದ್ದು ನೀನಾ, ನಿಮ್ಮವ್ವನಾ?
ಇಬ್ಬರೂ ಒಟ್ಟಿಗೇ ಅವನ ಮೇಲೆ ಹರಿಹಾಯುತ್ತಿದ್ದೆವು.
ಅವಳಂಥವಳಲ್ಲ ನಾನು ಎಂದು ತೋರಿಸಲಿಕ್ಕೇ
ಅವಳು ಹೇಳಿದ ಟೈಪಿಂಗ್ ಬಿಟ್ಟು
ಬಣ್ಣ ಕಲಿಯಲು ಹೋದದ್ದು.

ನಿಂಗಾಜಮ್ಮನಿಗೆ ಇದಾವುದೂ ಹೇಳಲಿಲ್ಲ.
ಅವಳು ಟ್ರಂಕಿಗೆ ಕೈ ಹಾಕಿ ಕತ್ತಲಲ್ಲೇ ಎಳೆದಳು
ಮೈದಾ ಹಿಟ್ಟಿನ ಚೀಲ, ಒಗೆದು ಒಗೆದು ಮಲ್ಲಿಗೆಯಾದದ್ದು,
ನೀಲಿ ಅಕ್ಷರ ಇನ್ನೂ ಪೂರ್ತಿ ಬಿಟ್ಟಿಲ್ಲ.
ಆಮೇಲೆ ಒಂದು ಕರಿ ತೋಳು.
"ಲಾಯರ್ ಹೊಂಬೇಗೌಡ್ರ ಕೋಟು.
ಎಷ್ಟ್ ಕೇಸು ಸೋತ್ರೂ ಬಣ್ಣ ಮಾತ್ರ ಬುಟ್ಟಿಲ್ಲ ನೋಡು."

ಕರಿ ಚೌಕದ ಪಕ್ಕ ಬಿಳಿ ಚೌಕ.
ಮೂಲೆಯಲ್ಲಿ ಕಟ್ಟಿದ ಮೇಕೆಗೂ ಕಂಡಿರಬೇಕು.
ಅವೆರಡರ ನೆರೆಯಲ್ಲಿ, ಆ ಮಬ್ಬಿನಲ್ಲೂ,
ನನ್ನ ಕುಂಕುಮಕ್ಕೆ ಸ್ವಲ್ಪ ಜೀವ ಬಂತು.

ಸೀರೆಯ ತುಂಡನ್ನು ಅವಳು ಬಿಸಾಡಲಿಲ್ಲ.
ನಾನು ಬೇಡ ಅನ್ನುವ ಮೊದಲೇ
ಜರಿಯ ಗೆರೆಗುಂಟ ಕತ್ತರಿ ಆಡಿಸಿಬಿಟ್ಟಳು.
ಒಡಲು ಈ ಕಡೆ, ಅಂಚು ಆ ಕಡೆ,
ನಡುವೆ ಎರಡು ಬೆರಳಗಲ ಹಿಟ್ಟಿನ ಚೀಲ.
"ಇವ್ಕೆ ಮಧ್ಯ ಒಸಿ ಗಾಳಿ ಬುಡವ್ವ.
ಆಗ ಯಾವ್ದು ಯಾವ್ದು ಅಂತ ಗೊತ್ತಾಯ್ತದೆ."

ಪಟ್ಟಿಯ ಮೇಲೆ ಉಳಿದ ಮಾತು: ನಿವ್ವಳ.
ತೂಕ ಎಷ್ಟೆಂಬುದು ಹೊಲಿಗೆಯೊಳಗೆ ಮಡಚಿಹೋಯಿತು.

ಕರೆಂಟು ಬಂತು.
ಚಾಪೆಯ ಮೇಲೆ ಬಣ್ಣಗಳೆಲ್ಲ ಒಮ್ಮೆಲೇ ಕೂಗಿಕೊಂಡವು.
ನಿಂಗಾಜಮ್ಮ ಕಣ್ಣಿಗೆ ಕೈ ಅಡ್ಡ ಹಿಡಿದು
"ಅದ್ನ ಆರ್ಸವ್ವ ಒಸಿ," ಅಂದಳು,
"ಇನ್ನೆಲ್ಡು ಚೂರು ಮಡಗದದೆ."